ಮೂರ್ಛೆರೋಗಕ್ಕೆ ಸಸ್ಯಸಾರಗಳ ಪರೀಕ್ಷೆ

ಫಿಟ್ಸ್, ಮಲರೋಗ, ಅಪಸ್ಮಾರ ಎಂದೆಲ್ಲ ಕರೆಸಿಕೊಳ್ಳುವ ಮೂರ್ಛೆರೋಗದ ಸೆಳವನ್ನು ತಡೆಯುವ ಗುಣ ಗಿಡಮೂಲಿಕೆಗಳಲ್ಲಿದೆಯೇ ಎಂದು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚುವ ಕ್ರಮ. ಚರಕಸಂಹಿತೆ ಈ ರೋಗಕ್ಕೆ ಬ್ರಾಹ್ಮಿ, ಬಜೆ, ಶಂಖಪುಷ್ಪಿ ಸೇರಿಸಿ ಕಾಯಿಸಿದ ತುಪ್ಪವನ್ನು ಹೇಳುತ್ತದೆ. ತೊಡಕು ಇಲ್ಲಿಂದಲೇ ಶುರು. ಮಲೆನಾಡಿನಲ್ಲಿ ತಂಬುಳಿಗೆ ಅರೆಯುವ ಒಂದೆಲಗವೂ ಬ್ರಾಹ್ಮಿಯೇ, ಗದ್ದೆಯಂಚಿನ ನೀರುಬ್ರಾಹ್ಮಿಯೂ ಬ್ರಾಹ್ಮಿಯೇ. ಸಸ್ಯಶಾಸ್ತ್ರಕ್ಕೆ ಮಾತ್ರ ಅವು ಬೇರೆ ಬೇರೆ ಕುಟುಂಬದವು. ಗಿಡದ ಗುರುತೇ ಖಚಿತವಾಗದಿದ್ದರೆ ಮುಂದಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಈಗಿನ ಪರೀಕ್ಷಾವಿಧಾನದ ಮೂಲ 1937ರ ಬಾಸ್ಟನ್. ಅಲ್ಲಿ ಸಂಶೋಧಕರಾದ ಪಟ್ನಮ್ ಮತ್ತು ಮೆರಿಟ್ ಬೆಕ್ಕುಗಳಿಗೆ ವಿದ್ಯುತ್ತಿನಿಂದ ಸೆಳವು ಬರಿಸಿ ರಾಸಾಯನಿಕಗಳನ್ನು ಜರಡಿ ಹಿಡಿದರು. ಸೆಳವು ತಡೆಯುವ ಮದ್ದು ಫೆನಿಟಾಯಿನ್ ಸಿಕ್ಕಿದ್ದು ಹಾಗೆ. ಆಮೇಲೆ ಬೆಕ್ಕಿನ ಜಾಗಕ್ಕೆ ಇಲಿ ಬಂತು. ನೆರಳಲ್ಲಿ ಒಣಗಿಸಿದ ಬೇರನ್ನೋ ಎಲೆಯನ್ನೋ ಪುಡಿಮಾಡಿ, ಆಲ್ಕೋಹಾಲಿನಲ್ಲಿ ಸಾರ ಇಳಿಸಿ ಇಲಿಗೆ ಕೊಡುತ್ತಾರೆ. ಬಳಿಕ ವಿದ್ಯುತ್ ಹಾಯಿಸಿದಾಗ ಹಿಂಗಾಲು ಸೆಟೆಯದಿದ್ದರೆ ಸಾರ ಕಾಪಾಡಿತು ಎಂದರ್ಥ. ಇನ್ನೊಂದು ಗುಂಪಿಗೆ ಸೆಳವು ಎಬ್ಬಿಸುವ ರಾಸಾಯನಿಕ ಪೆಂಟಿಲೀನ್‌ಟೆಟ್ರಜೋಲ್ ಚುಚ್ಚಿ ನೋಡುವುದುಂಟು.

ಕರ್ನಾಟಕದಲ್ಲಿ ಫಾರ್ಮಸಿ ಸ್ನಾತಕೋತ್ತರ ಪ್ರಬಂಧಗಳಿಗೆ ಇದು ಪಳಗಿದ ವಿಷಯ. 2009ರಲ್ಲಿ ಪ್ರಕಟವಾದ ಮಂಗಳೂರಿನ ಸಂಶೋಧಕರ ಅಧ್ಯಯನವೊಂದು ಕರಂಡೆ (ಕೌಳಿ ಹಣ್ಣು) ಗಿಡದ ಬೇರಿನ ಸಾರವನ್ನು ಪರೀಕ್ಷಿಸಿತು. ವಿದ್ಯುತ್ ಸೆಳವಿನಿಂದ ಕಿಲೋಗೆ 200 ಮಿಲಿಗ್ರಾಂ ಪ್ರಮಾಣ ಶೇ. 25ರಷ್ಟು, 400 ಮಿಲಿಗ್ರಾಂ ಶೇ. 50ರಷ್ಟು ಇಲಿಗಳನ್ನು ಕಾಪಾಡಿತು. ಬೈಕುಕುಲಿನ್ ಎಂಬ ರಾಸಾಯನಿಕ ಎಬ್ಬಿಸಿದ ಸೆಳವಿನ ಮುಂದೆ ಏನೂ ನಡೆಯಲಿಲ್ಲ. ಇಂಥ ಸೋಲನ್ನೂ ಬರೆದಿಟ್ಟದ್ದೇ ಆ ಅಧ್ಯಯನದ ತೂಕ.

ಶಿವಮೊಗ್ಗ ಸೀಮೆಯಲ್ಲಿ ಗಿಡಮೂಲಿಕೆಯ ಸಂಶೋಧನೆಗೆ ನೆಲೆಯಾದದ್ದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ (1987) ಮತ್ತು ಶಿವಮೊಗ್ಗ ನಗರದ ನ್ಯಾಷನಲ್ ಫಾರ್ಮಸಿ ಕಾಲೇಜು. ಭದ್ರಾ ಕಾಡು ವಿಶ್ವವಿದ್ಯಾಲಯದ ಬೆನ್ನಿಗೇ ಇದೆ. ಗಾಯ ಮಾಯಿಸುವ, ಯಕೃತ್ತನ್ನು ಕಾಯುವ ಸಾರಗಳ ಕುರಿತೂ ಈ ಸಂಸ್ಥೆಗಳಲ್ಲಿ ಕೆಲಸ ನಡೆದಿದೆ.

ಇಲಿಯಲ್ಲಿ ಗೆದ್ದ ಸಾರ ಮಾತ್ರೆಯಾಗುವುದು ಅಪರೂಪ; ಗಿಡದಿಂದ ಔಷಧ ಬಂದರೂ ಬಹಳ ತಡವಾಗಿ. 1839ರಲ್ಲಿ ಕಲ್ಕತ್ತದ ವೈದ್ಯ ಓಶಾನೆಸಿ ಸೆಳವಿನಿಂದ ನರಳುತ್ತಿದ್ದ ಹಸುಗೂಸಿಗೆ ಗಾಂಜಾ ಕೊಟ್ಟ ಪ್ರಸಂಗವನ್ನು ದಾಖಲಿಸಿದ. ಅದೇ ಗಿಡದ ಕ್ಯಾನಬಿಡಿಯಾಲ್ ಎಂಬ ಅಂಶ ಅಮೆರಿಕದಲ್ಲಿ ಔಷಧವೆಂದು ಒಪ್ಪಿಗೆ ಪಡೆದದ್ದು 2018ರಲ್ಲಿ. ಅಪಾಯದ ಮುಖವೂ ಇದೆ: ಶಂಖಪುಷ್ಪಿ ಔಷಧವನ್ನು ಜೊತೆಗೆ ಸೇವಿಸಿದರೆ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿದು, ಹಿಡಿತದಲ್ಲಿದ್ದ ಫಿಟ್ಸ್ ಮರಳಬಹುದೆಂದು 1992ರ ಭಾರತೀಯ ಅಧ್ಯಯನವೊಂದು ತೋರಿಸಿತು. ಮಾತ್ರೆಯನ್ನೂ ಸೊಪ್ಪಿನ ಮದ್ದನ್ನೂ ಒಟ್ಟಿಗೇ ತೆಗೆದುಕೊಳ್ಳುವವರು ವೈದ್ಯರಿಗೆ ಎರಡನ್ನೂ ಹೇಳಬೇಕಾದ್ದು ಇದಕ್ಕೇ.