ತೂಕದಿಂದ ಎಣಿಕೆಗೆ: ರಾಸಾಯನಿಕ ಲೆಕ್ಕಾಚಾರ ಬೆಳೆದು ಬಂದ ಬಗೆ

ಒಂದು ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಖರ್ಚಾಗಿ ಯಾವುದು ಎಷ್ಟು ಹುಟ್ಟುತ್ತದೆ ಎಂಬುದನ್ನು ಮೊದಲೇ ಗಣಿಸುವ ವಿಧಾನ ಇಂದು ಪಿಯುಸಿ ಪಠ್ಯಪುಸ್ತಕದ ಒಂದು ಅಧ್ಯಾಯದಲ್ಲಿ ಮುಗಿದುಹೋಗುತ್ತದೆಯಾದರೂ, ಅದು ಈ ರೂಪಕ್ಕೆ ಬರಲು ಎರಡು ಶತಮಾನಗಳೇ ಹಿಡಿದವು. ಕ್ರಿಯೆಯ ಮುನ್ನ ಇದ್ದ ಒಟ್ಟು ತೂಕವೇ ಅನಂತರವೂ ಇರುತ್ತದೆ ಎಂಬ ತತ್ತ್ವವನ್ನು ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದ. ಆಮ್ಲ ಮತ್ತು ಪ್ರತ್ಯಾಮ್ಲಗಳು ಪರಸ್ಪರ ತಟಸ್ಥವಾಗಲು ಬೇಕಾಗುವ ಪ್ರಮಾಣಗಳನ್ನು ಅಳೆದ ಜರ್ಮನಿಯ ರಿಕ್ಟರ್ 1792ರಲ್ಲಿ ಈ ಶಾಸ್ತ್ರಕ್ಕೆ ಸ್ಟಾಯ್ಕಿಯೊಮೆಟ್ರಿ ಎಂಬ ಹೆಸರಿಟ್ಟ. ಒಂದು ಸಂಯುಕ್ತದ ಘಟಕಗಳು ಎಲ್ಲೆಡೆಯೂ ಒಂದೇ ತೂಕದ ಅನುಪಾತದಲ್ಲಿರುತ್ತವೆ ಎಂದು ಪ್ರೌಸ್ಟ್ ತೋರಿಸಿದ್ದು ಅದೇ ದಶಕದಲ್ಲಿ. ಕೊಯಮತ್ತೂರಿನ ಅಂಚಿನ ಮಧುಕ್ಕರೈಯಲ್ಲಿ 1930ರ ದಶಕದಿಂದ ಸಿಮೆಂಟಿಗಾಗಿ ಸುಡುತ್ತ ಬಂದಿರುವ ಸುಣ್ಣಕಲ್ಲಿಗೂ ಈ ನಿಯಮವೇ ಅನ್ವಯಿಸುತ್ತದೆ: ಅದರಲ್ಲಿರುವ ಪ್ರತಿ 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ಣವಾಗಿ ವಿಭಜನೆಯಾದಾಗ 56 ಕಿಲೋ ಸುಟ್ಟಸುಣ್ಣ ಉಳಿದು 44 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ತೂಕದ ಈ ನಿಯಮಗಳಿಗೆ 1808ರಲ್ಲಿ ಡಾಲ್ಟನ್ ಪರಮಾಣುವಿನ ಆಧಾರ ಕೊಟ್ಟನಾದರೂ ಒಂದು ತೊಡಕು ಬಿಡಿಸದೆ ಉಳಿಯಿತು. ನೀರಿನಲ್ಲಿ ಹೈಡ್ರೋಜನ್ನಿನ ಒಂದು ಪಾಲು ತೂಕಕ್ಕೆ ಆಕ್ಸಿಜನ್ನಿನ ಎಂಟು ಪಾಲು ಇದೆ. ಎರಡರ ಪರಮಾಣುಗಳೂ ಒಂದಕ್ಕೊಂದು ಕೂಡಿದ್ದರೆ ಆಕ್ಸಿಜನ್ನಿನ ಪರಮಾಣು ತೂಕ 8, ಹೈಡ್ರೋಜನ್ ಎರಡಿದ್ದರೆ 16. ಯಾವುದು ಸರಿಯೆಂದು ತಕ್ಕಡಿಯೊಂದರಿಂದಲೇ ತಿಳಿಯುವಂತಿರಲಿಲ್ಲ. ಸಮಾನ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೊ 1811ರಲ್ಲೇ ಸೂಚಿಸಿದ್ದ ಉತ್ತರ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕನ್ನಿಜಾರೊನ ಕಿರುಹೊತ್ತಗೆ ಹಂಚಿಕೆಯಾಗುವವರೆಗೆ ಬಹುಮಟ್ಟಿಗೆ ಮೂಲೆಗುಂಪಾಗಿತ್ತು. ಈ ಶಾಸ್ತ್ರದ ನಿಜವಾದ ತಿರುವು ಇದೇ: ಲೆಕ್ಕ ಅಲ್ಲಿಂದ ಮುಂದೆ ತೂಕದ್ದಾಗಿರದೆ ಕಣಗಳ ಎಣಿಕೆಯದಾಯಿತು. ಆ ಎಣಿಕೆಯ ಮಾನವಾದ ಮೋಲ್ 1971ರಲ್ಲಿ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿತು. 2019ರಿಂದ ಒಂದು ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು.

ಕನ್ನಡ ಮಾತಾಡುವ ದೇವಾಂಗ ನೇಕಾರರೂ ನೆಲೆಸಿರುವ ಕೊಯಮತ್ತೂರು ಸೀಮೆಯಲ್ಲಿ, ವಿಶೇಷವಾಗಿ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಲ್ಲಿ, ಈ ಎಣಿಕೆಗೆ ದಿನನಿತ್ಯದ ಕೆಲಸವಿದೆ. ಹತ್ತಿಬಟ್ಟೆಯನ್ನು ಕಾಸ್ಟಿಕ್ ಸೋಡಾ ಬೆರೆತ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳುಪು ಮಾಡಿದ ಮೇಲೆ ಉಳಿದ ಕ್ಷಾರವನ್ನು ಅಸಿಟಿಕ್ ಆಮ್ಲದಿಂದ ತಟಸ್ಥಗೊಳಿಸಬೇಕಾಗುತ್ತದೆ. ಸರಿದೂಗಿಸಿದ ಸಮೀಕರಣದ ಪ್ರಕಾರ ಒಂದು ಮೋಲ್ ಕ್ಷಾರಕ್ಕೆ ಒಂದು ಮೋಲ್ ಆಮ್ಲ ಸಾಕು. ಇದನ್ನು ಕಿಲೋಗೆ ಕಿಲೋ ಎಂದು ಓದಿಕೊಳ್ಳುವುದು ಹೊಸ ವಿದ್ಯಾರ್ಥಿಗಳು ಪದೇ ಪದೇ ಎಡವುವ ಜಾಗ. ಕ್ಷಾರದ ಮೋಲಾರ್ ರಾಶಿ, ಎಂದರೆ ಒಂದು ಮೋಲಿನ ತೂಕ, 40 ಗ್ರಾಂ; ಆಮ್ಲದ್ದು 60 ಗ್ರಾಂ. ಆದ್ದರಿಂದ 2 ಕಿಲೋ ಕ್ಷಾರಕ್ಕೆ 3 ಕಿಲೋ ಶುದ್ಧ ಆಮ್ಲ ಬೇಕು. ಆಮ್ಲ 2.4 ಕಿಲೋ ಮಾತ್ರ ಇದ್ದರೆ ಅದು 1.6 ಕಿಲೋ ಕ್ಷಾರವನ್ನಷ್ಟೇ ತಟಸ್ಥಗೊಳಿಸಿ ಮುಗಿಯುತ್ತದೆ, 400 ಗ್ರಾಂ ಕ್ಷಾರ ಹಾಗೆಯೇ ಉಳಿಯುತ್ತದೆ. ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ಇಂಥ ವಸ್ತುವಿಗೆ ಸೀಮಿತ ಕಾರಕ ಎಂದು ಹೆಸರು.

ಲೆಕ್ಕದ ಇಳುವರಿಯೂ ಕೈಗೆ ಬಂದ ಇಳುವರಿಯೂ ಬೇರೆಯಾಗುವುದು ಮುಂದಿನ ಹಂತದಲ್ಲಿ ಕಣ್ಣಿಗೇ ಕಾಣುತ್ತದೆ. ರಿಯಾಕ್ಟಿವ್ ಬಣ್ಣದ ಒಂದು ಪಾಲು ಹತ್ತಿಯ ನೂಲಿಗೆ ಅಂಟುವ ಬದಲು ನೀರಿನೊಡನೆಯೇ ವರ್ತಿಸಿ ನಿರುಪಯುಕ್ತವಾಗುತ್ತದೆ. ಬಣ್ಣವನ್ನು ನೂಲಿನತ್ತ ತಳ್ಳಲು ಹಾಕುವ ಉಪ್ಪಾದರೋ ಕ್ರಿಯೆಯಲ್ಲಿ ಖರ್ಚಾಗುವುದೇ ಇಲ್ಲವಾದ್ದರಿಂದ ಹಾಕಿದ್ದೆಲ್ಲವೂ ತೊಳೆದ ನೀರಿನೊಂದಿಗೆ ಹೊರಬರುತ್ತದೆ. ಲವಾಸಿಯೇಯ ತತ್ತ್ವ, ತಿರುಪ್ಪೂರಿನ ಆ ನೀರು ಸೇರುತ್ತಿದ್ದ ನೊಯ್ಯಲ್ ನದಿಗೆ ದುಬಾರಿಯಾದದ್ದು ಹೀಗೆ. ಹೊರಬಿಡುವ ನೀರನ್ನು ಸೊನ್ನೆಗಿಳಿಸದ ಬಣ್ಣದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶಿಸಿತು. ಇಂದಿನ ಶುದ್ಧೀಕರಣ ಘಟಕಗಳಲ್ಲಿ ಕೊಳೆನೀರನ್ನು ಪೊರೆಗಳ ಮೂಲಕ ಹಾಯಿಸಿ, ಉಳಿದದ್ದನ್ನು ಕಾಯಿಸಿ ಆವಿಮಾಡಿ, ಉಪ್ಪುನೀರನ್ನು ಮರಳಿ ಬಣ್ಣದ ತೊಟ್ಟಿಗೆ ಬಳಸುವ ಪದ್ಧತಿಯಿದ್ದು, ಆ ನೀರಿನ ಪ್ರತಿ ಲೀಟರಿನಲ್ಲಿ ಎಷ್ಟು ಗ್ರಾಂ ಉಪ್ಪಿದೆ ಎಂದು ಅಳೆದ ಮೇಲೆಯೇ ಹೊಸದಾಗಿ ಎಷ್ಟು ಸೇರಿಸಬೇಕೆಂಬುದು ನಿರ್ಧಾರವಾಗುತ್ತದೆ.