ಬಾಬಿ ಓರ್: ಒಂದು ಮಂಡಿ, ಮೂರು ಸಹಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಓದ್ಕೋತೀವಿ ಅನ್ನೋವರಿಗೆ ಈ ವಾರದ ಮಾತಿನ ಬರಹ ರೂಪ ಇದು.

ಹಾಕಿ ಅಂದ್ರೆ ನಮಗೆ ನೆನಪಾಗೋದು ಕೊಡಗು. ಇವತ್ತಿನ ಕಥೆ ಮಾತ್ರ ಮಂಜುಗಡ್ಡೆ ಮೇಲೆ ಆಡುವ ಐಸ್ ಹಾಕಿಯದು, ಕೆನಡಾದ ಬಾಬಿ ಓರ್ ಎಂಬ ಡಿಫೆನ್ಸ್‌ಮನ್ ಬಗ್ಗೆ. ಅವರು ಆಟದಲ್ಲಿ ಏನು ಮಾಡಿದರು ಅನ್ನೋದು ಅರ್ಧ ಕಥೆ. ಸಹಿ ಹಾಕಿದ ಕಾಗದಗಳಿಂದ ಏನಾಯ್ತು ಅನ್ನೋದು ಇನ್ನರ್ಧ. ಆಫರ್ ಲೆಟರ್, ಷೇರು, ನೋಟಿಸ್ ಪಿರಿಯಡ್ ಅಂತಲೇ ಬದುಕುವ ನಮಗೆ ಈ ಎರಡನೇ ಅರ್ಧ ಬೇಗ ಅರ್ಥವಾಗುತ್ತೆ.

ಮೊದಲ ಸಹಿ, 1962

ಓರ್ ಹುಟ್ಟಿದ್ದು 1948ರಲ್ಲಿ, ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಸ್ಫೋಟಕ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಗಾರ. 1961ರಲ್ಲಿ ಒಂದು ಬಾಲಕರ ಟೂರ್ನಿಯಲ್ಲಿ ಹುಡುಗ ಬೋಸ್ಟನ್ ಬ್ರೂಯಿನ್ಸ್ ಕ್ಲಬ್ಬಿನವರ ಕಣ್ಣಿಗೆ ಬಿದ್ದ. ಆಗಿನ ಪದ್ಧತಿಯಲ್ಲಿ ಸಿ ಫಾರ್ಮ್ ಅನ್ನೋ ಒಂದು ಕಾಗದ ಇತ್ತು. ಅದಕ್ಕೆ ಸಹಿ ಬಿತ್ತು ಅಂದ್ರೆ ಮುಂದೆ ವೃತ್ತಿಪರನಾಗಿ ಆಡುವ ಹಕ್ಕು ಆ ಕ್ಲಬ್ಬಿನ ಕೈಗೆ. ಹದಿನಾಲ್ಕನೇ ವಯಸ್ಸಿಗೆ ಹುಡುಗ ಸಹಿ ಹಾಕಿದ. ಪ್ರತಿಯಾಗಿ ಸಿಕ್ಕಿದ್ದು ಒಂದಿಷ್ಟು ಹಣ, ಜೊತೆಗೆ ಮನೆಯ ಹೊರಗೋಡೆಗೆ ಹೊಸ ಗಾರೆ.

ಎರಡನೇ ಸಹಿ, 1966

ಹದಿನೆಂಟಕ್ಕೆ ಬೋಸ್ಟನ್‌ಗೆ ಹೋಗುವ ಹೊತ್ತು. ಆ ಕಾಲದಲ್ಲಿ ಆಟಗಾರರು ಕ್ಲಬ್ ಹೇಳಿದ ಸಂಬಳಕ್ಕೆ ತಲೆಯಾಡಿಸಬೇಕಿತ್ತು. ಮಾತಾಡೋಕೆ ವಕೀಲರನ್ನು ಕರ್ಕೊಂಡು ಹೋಗೋದು ಅಪರೂಪ. ಓರ್ ಕುಟುಂಬ ಟೊರೊಂಟೊದ ಅಲನ್ ಈಗಲ್ಸನ್ ಎಂಬ ವಕೀಲನನ್ನು ಜೊತೆಗಿಟ್ಟುಕೊಂಡಿತು. ಈತ ಚೌಕಾಸಿ ಮಾಡಿ, ಹೊಸ ಆಟಗಾರನೊಬ್ಬನಿಗೆ ಅಲ್ಲಿಯವರೆಗೂ ಸಿಗದಷ್ಟು ಸಂಬಳ ಕೊಡಿಸಿದ. ಉಳಿದ ಆಟಗಾರರ ಕಣ್ಣೂ ತೆರೆಯಿತು. 1967ರಲ್ಲಿ ಆಟಗಾರರ ಸಂಘ ಹುಟ್ಟಿತು, ಅದರ ಮುಖ್ಯಸ್ಥನೂ ಈಗಲ್ಸನ್ನೇ. ಸಂಘದ ನಾಯಕನೂ ಅವನೇ, ಓರ್ ಅವರ ಖಾಸಗಿ ಏಜೆಂಟೂ ಅವನೇ. ಇದನ್ನ ನೆನಪಲ್ಲಿಟ್ಕೊಳ್ಳಿ.

ಆಟ ಬದಲಾಗಿದ್ದು

ಐಸ್ ಹಾಕಿಯಲ್ಲಿ ಒಂದು ತಂಡದಿಂದ ಒಂದು ಹೊತ್ತಿಗೆ ಆರು ಜನ ಇರ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆನ್ಸ್‌ಮನ್, ಮೂವರು ಫಾರ್ವರ್ಡ್. ಚೆಂಡಿನ ಬದಲು ಪಕ್ ಅನ್ನೋ ರಬ್ಬರ್ ಬಿಲ್ಲೆ. ಡಿಫೆನ್ಸ್‌ಮನ್ ಕೆಲಸ ಹಿಂದೆ ನಿಂತು ತಡೆಯೋದು, ಪಕ್ ಸಿಕ್ಕರೆ ಮುಂದಿನವರಿಗೆ ದಾಟಿಸೋದು. ಓರ್‌ಗಿಂತ ಮುಂಚೆಯೂ ಮುನ್ನುಗ್ಗುವ ಡಿಫೆನ್ಸ್‌ಮನ್‌ಗಳು ಇದ್ದರು ನಿಜ. ಆದರೆ ಓರ್ ತಾವೇ ಪಕ್ ತಗೊಂಡು ಇಡೀ ಅಂಗಳ ದಾಟಿ ಗೋಲು ಹೊಡೆದು, ಎದುರಾಳಿ ತಿರುಗಿ ಬರೋಷ್ಟರಲ್ಲಿ ವಾಪಸ್ ತಮ್ಮ ಜಾಗಕ್ಕೆ ಬಂದುಬಿಡುತ್ತಿದ್ದರು. ಅವರ ಸ್ಕೇಟಿಂಗ್ ವೇಗ ಹಾಗಿತ್ತು.

ಲೆಕ್ಕ ನೋಡಿ. 1969–70ರ ಋತುವಿನಲ್ಲಿ 33 ಗೋಲು, 87 ಅಸಿಸ್ಟ್, ಒಟ್ಟು 120 ಅಂಕ. ಲೀಗ್‌ನಲ್ಲೇ ಅತಿ ಹೆಚ್ಚು! ನಮ್ಮ ಕ್ರಿಕೆಟ್ ಭಾಷೆಯಲ್ಲಿ ಹೇಳೋದಾದ್ರೆ, ಬೌಲರ್ ಒಬ್ಬ ಐಪಿಎಲ್‌ನ ಆರೆಂಜ್ ಕ್ಯಾಪ್ ಗೆದ್ದ ಹಾಗೆ. 1975ರಲ್ಲಿ ಇನ್ನೊಮ್ಮೆ ಇದೇ ಸಾಧನೆ. ಎನ್‌ಎಚ್‌ಎಲ್ ಇತಿಹಾಸದಲ್ಲಿ ಬೇರೆ ಯಾವ ಡಿಫೆನ್ಸ್‌ಮನ್ನೂ ಒಮ್ಮೆಯೂ ಇದನ್ನು ಮಾಡಿಲ್ಲ. 1970–71ರ ಅವರ 139 ಅಂಕ ಇವತ್ತಿಗೂ ಡಿಫೆನ್ಸ್‌ಮನ್‌ಗಳ ದಾಖಲೆ. ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ 1968ರಿಂದ 1975ರವರೆಗೆ ಸತತ ಎಂಟು ಸಲ ಅವರದೇ.

1970ರ ಮೇ 10ರಂದು ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ ಫೈನಲ್‌ನ ನಾಲ್ಕನೇ ಪಂದ್ಯ. ಹೆಚ್ಚುವರಿ ಸಮಯದ 40ನೇ ಸೆಕೆಂಡಿಗೆ ಓರ್ ಗೋಲು ಹೊಡೆದರು. ಎದುರಾಳಿಯೊಬ್ಬ ಕಾಲಿಗೆ ಅಡ್ಡ ಬಂದಿದ್ದರಿಂದ ಗಾಳಿಯಲ್ಲಿ ಅಡ್ಡಡ್ಡ ಹಾರಿದರು, ಕೈಗಳು ಆಗಲೇ ಸಂಭ್ರಮದಲ್ಲಿ ಮೇಲೆದ್ದಿದ್ದವು. ಆ ಕ್ಷಣದ ಫೋಟೋ ಆಟದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಬೋಸ್ಟನ್‌ಗೆ 29 ವರ್ಷಗಳ ನಂತರ ಸ್ಟ್ಯಾನ್ಲಿ ಕಪ್ ಬಂತು. 1972ರಲ್ಲಿ ಮತ್ತೊಮ್ಮೆ ಗೆದ್ದರು.

ಇಷ್ಟರ ಮಧ್ಯೆ ಎಡ ಮಂಡಿ ಸವೆಯುತ್ತಿತ್ತು. ಮೊದಲ ಪೆಟ್ಟು ಮೊದಲ ಋತುವಿನಲ್ಲೇ ಬಿದ್ದಿತ್ತು. ಇವತ್ತಿನ ಹಾಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಬಿಟ್ಟು ಸರಿಪಡಿಸುವ ಚಿಕಿತ್ಸೆ ಆಗ ಸಾಮಾನ್ಯ ಇರಲಿಲ್ಲ. ಮಂಡಿ ಕೊಯ್ದು ಹರಿದ ಭಾಗ ತೆಗೆಯೋದು, ಮತ್ತೆ ಆಡೋದು. ಒಟ್ಟು ಹತ್ತಕ್ಕೂ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಆಯ್ತು. 1975–76ರಲ್ಲಿ ಬೋಸ್ಟನ್‌ಗೆ ಆಡಿದ್ದು ಬರೀ ಹತ್ತು ಪಂದ್ಯ.

ಮೂರನೇ ಸಹಿ, 1976

ಬೋಸ್ಟನ್ ಒಪ್ಪಂದ ಮುಗಿಯಿತು. ಕ್ಲಬ್‌ನವರು ತಮ್ಮ ಪ್ರಸ್ತಾಪದಲ್ಲಿ ಸಂಬಳದ ಜೊತೆಗೆ ತಂಡದ ಮಾಲೀಕತ್ವದಲ್ಲೇ ಸುಮಾರು 18.5 ಪ್ರತಿಶತ ಪಾಲನ್ನೂ ಮುಂದಿಟ್ಟಿದ್ದರು. ಇದನ್ನು ಈಗಲ್ಸನ್ ತಮಗೆ ಹೇಳಲೇ ಇಲ್ಲ ಅಂತಾರೆ ಓರ್. ಸ್ವಂತ ಅಣ್ಣನಂತೆ ನಂಬಿದ್ದ ಮನುಷ್ಯ ಶಿಕಾಗೋಗೆ ಹೋಗೋಣ ಅಂದ, ಇವರು ಸಹಿ ಹಾಕಿದರು. ಶಿಕಾಗೋ ಕ್ಲಬ್ಬಿನ ಮಾಲೀಕ ಬಿಲ್ ವಿರ್ಟ್ಸ್ ಈಗಲ್ಸನ್‌ಗೆ ಆಪ್ತನಾಗಿದ್ದ.

ಅದೇ ವರ್ಷ ಕೆನಡಾ ಕಪ್‌ನಲ್ಲಿ ಮಂಡಿ ನೋವಲ್ಲೇ ಆಡಿ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಆಮೇಲೆ ಶಿಕಾಗೋ ಪರ ಒಟ್ಟು ಆಡಲಾಗಿದ್ದು 26 ಪಂದ್ಯ. 1978ರಲ್ಲಿ ನಿವೃತ್ತಿ, ಆಗ ವಯಸ್ಸು ಮೂವತ್ತು. ಮುಂದಿನ ವರ್ಷವೇ ಮಾಮೂಲಿ ಕಾಯುವ ಅವಧಿಯನ್ನು ಬಿಟ್ಟು ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆದರೆ ಈಗಲ್ಸನ್ ಸಂಬಂಧ ಕಡಿದುಕೊಂಡು ಲೆಕ್ಕ ತೆಗೆದಾಗ, ಇದ್ದ ಆಸ್ತಿಗಿಂತ ಸಾಲ ಮತ್ತು ತೆರಿಗೆ ಬಾಕಿಯೇ ಜಾಸ್ತಿ.

ಮುಂದಿನದು ನಿಧಾನವಾಗಿ ನಡೆಯಿತು. ಮ್ಯಾಸಚೂಸೆಟ್ಸ್‌ನ ಸಣ್ಣ ಪತ್ರಿಕೆಯೊಂದರ ಕ್ರೀಡಾ ವರದಿಗಾರ ರಸ್ ಕಾನ್ವೇ 1991ರಿಂದ ಸಂಘದ ವ್ಯವಹಾರ ಕೆದಕಿದರು. 1998ರಲ್ಲಿ ಈಗಲ್ಸನ್ ವಂಚನೆಯ ತಪ್ಪೊಪ್ಪಿಕೊಂಡ. ಕೆನಡಾದಲ್ಲಿ 18 ತಿಂಗಳ ಜೈಲು ಶಿಕ್ಷೆ ಆಯ್ತು. ಆತನೂ ಹಾಲ್ ಆಫ್ ಫೇಮ್‌ನಲ್ಲಿದ್ದ. ಅವನಿದ್ದರೆ ನಾವಿರಲ್ಲ ಅಂತ ಓರ್ ಸೇರಿ ಹಲವು ಹಳೆಯ ಆಟಗಾರರು ಪಟ್ಟು ಹಿಡಿದರು. ಕೊನೆಗೆ ಅವನೇ ರಾಜೀನಾಮೆ ಕೊಟ್ಟ.

ಓರ್ ಮೋಸಹೋಗಿದ್ದು ದಡ್ಡತನದಿಂದಲ್ಲ. ಎರಡನೇ ಸಹಿಯಲ್ಲಿ ನಿಜಕ್ಕೂ ಒಳ್ಳೇದು ಮಾಡಿದವನನ್ನೇ ಮೂರನೇ ಸಹಿಯಲ್ಲೂ ನಂಬಿದರು. ನಂಬಿಕೆ ತಪ್ಪಲ್ಲ. ಆದರೆ ಎರಡೂ ಕಡೆ ಕುರ್ಚಿ ಇರೋ ಮನುಷ್ಯನನ್ನು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ನಮ್ಮಲ್ಲೂ ಕನ್ಸಲ್ಟೆನ್ಸಿಯವರು "ಇದು ಸ್ಟ್ಯಾಂಡರ್ಡ್ ಅಗ್ರಿಮೆಂಟ್, ಸೈನ್ ಮಾಡಿ" ಅಂದಾಗ ಎಷ್ಟು ಜನ ಕೊನೇ ಪುಟದವರೆಗೂ ಓದ್ತೀವಿ?

ಮುಂದೆ ಓರ್ ಸ್ವತಃ ಆಟಗಾರರ ಏಜೆಂಟ್ ಆದರು. ಹದಿಹರೆಯದ ಹುಡುಗರು, ಅವರ ಅಪ್ಪ ಅಮ್ಮ ಕಾಗದ ಹಿಡಿದು ಬಂದು ಕೂರುತ್ತಿದ್ದ ಮೇಜಿನ ಈ ಕಡೆ ಈಗ ಅವರೇ ಇದ್ದರು.

ನಿಮ್ಮ ಅನಿಸಿಕೆ ಬರೀರಿ. ಮುಂದಿನ ವಾರ ಸಿಗೋಣ.