ಕಲ್ಲು ಅದೇ, ಲೆಕ್ಕ ಬೇರೆ

ನ್ಯೂಯಾರ್ಕ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಮ್ಯಾನ್‌ಹಟನ್. ಅದೇ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಈರೀ ಸರೋವರದ ಬಳಿ, ಫ್ರೆಡೋನಿಯ ಎಂಬ ಸಣ್ಣ ಊರಿದೆ. 1821ರಲ್ಲಿ ವಿಲಿಯಂ ಹಾರ್ಟ್ ಎಂಬಾತ ಅಲ್ಲಿ ಶೇಲ್ ಎಂಬ ಪದರಗಲ್ಲಿನಲ್ಲಿ ಬಾವಿ ತೋಡಿ ಗ್ಯಾಸ್ ತೆಗೆದ. ಊರಿನಲ್ಲಿ ಅದರಿಂದ ದೀಪ ಉರಿಯಿತು. ಹಾಗಿದ್ದೂ ಶೇಲ್ ಗ್ಯಾಸ್ ದೊಡ್ಡ ಉದ್ಯಮವಾಗಲು ಸುಮಾರು ಇನ್ನೂರು ವರ್ಷ ಏಕೆ ಬೇಕಾಯಿತು?

ಕಾರಣ ಖರ್ಚು. ಈ ಕಲ್ಲಿನಿಂದ ಗ್ಯಾಸ್ ತಾನಾಗಿ ಧಾರಾಳವಾಗಿ ಹರಿಯದು. ಸಾವಿರಾರು ಅಡಿ ಕೆಳಗಿಳಿದು, ಅಲ್ಲಿಂದ ಅಡ್ಡಕ್ಕೆ ಕೊರೆದು, ನೀರು, ಮರಳು, ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಬಿರಿಸಬೇಕು. ಇದೇ ಫ್ರಾಕಿಂಗ್. ಒಂದು ಬಾವಿಗೆ ಹಲವು ದಶಲಕ್ಷ ಡಾಲರ್ ಬೇಕು. ಮೊದಲ ವರ್ಷದಲ್ಲೇ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಆದಾಯ ಉಳಿಯಬೇಕಾದರೆ ಹೊಸ ಬಾವಿ, ಅದಕ್ಕೆ ಹೊಸ ಸಾಲ.

2004ರಲ್ಲಿ ನೆರೆಯ ಪೆನ್ಸಿಲ್ವೇನಿಯದಲ್ಲಿ ರೇಂಜ್ ರಿಸೋರ್ಸಸ್ ಕಂಪನಿ ಮಾರ್ಸೆಲಸ್ ಶೇಲ್ ಪದರದಲ್ಲಿ ಕಲ್ಲು ಬಿರಿಸುವ ವಿಧಾನದಿಂದ ಯಶಸ್ಸು ಕಂಡಿತು. 2008ರ ಬೇಸಿಗೆಯಲ್ಲಿ ಗ್ಯಾಸಿನ ಸಗಟು ದರ ಹತ್ತು ಲಕ್ಷ ಬಿಟಿಯು ಶಾಖಕ್ಕೆ 13 ಡಾಲರಿನ ಆಸುಪಾಸಿಗೇರಿತು. ಇಲ್ಲಿ ನೆಲದಡಿಯ ಗ್ಯಾಸ್ ಖಾಸಗಿ ಸ್ವತ್ತಾಗಬಹುದು. ಹಾಗಾಗಿ ಕಂಪನಿಗಳು ರೈತರ ಮನೆ ಬಾಗಿಲಿಗೆ ಹೋಗಿ ಗುತ್ತಿಗೆ ಪತ್ರ ಬರೆಸಿಕೊಂಡವು. ಪೆನ್ಸಿಲ್ವೇನಿಯದ ಕಾನೂನಿನಂತೆ ರೈತನ ಪಾಲು ಕನಿಷ್ಠ ಎಂಟರಲ್ಲೊಂದು. ಎಲ್ಲರೂ ಒಟ್ಟಿಗೆ ಕೊರೆದರು. 2012ರ ಏಪ್ರಿಲ್‌ನಲ್ಲಿ ದರ 2 ಡಾಲರಿಗಿಂತ ಕೆಳಗಿತ್ತು.

ಸಿಎ ಓದಿದ ನನ್ನ ಕಣ್ಣು ಹೋಗುವುದು ಇದರ ಮುಂದಿನ ಸಾಲಿಗೆ. ಅಮೆರಿಕದ ಷೇರು ನಿಯಂತ್ರಕರ ನಿಯಮದಂತೆ, ಲಾಭಕರವಾಗಿ ತೆಗೆಯಬಹುದಾದದ್ದನ್ನು ಮಾತ್ರ ಕಂಪನಿ ತನ್ನ ‘ಸಾಬೀತಾದ ನಿಕ್ಷೇಪ’ ಎಂದು ತೋರಿಸಬೇಕು. ಅದಕ್ಕೆ ಹನ್ನೆರಡು ತಿಂಗಳ ಸರಾಸರಿ ದರವೇ ಆಧಾರ. ದರ ಬಿದ್ದಾಗ ನಿಕ್ಷೇಪವೂ ಪುಸ್ತಕದಿಂದ ಕರಗುತ್ತದೆ. ನೆಲದಡಿ ಏನೂ ಬದಲಾಗಿರುವುದಿಲ್ಲ.

ಕನ್ನಡಿಗರಿಗೆ ಇದು ಹೊಸತಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದಾಗ ಚಿನ್ನ ಪೂರ್ತಿ ಬರಿದಾಗಿರಲಿಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ಅದನ್ನು ಎತ್ತುವ ಖರ್ಚು ಮಾರಿದ ಬೆಲೆಯನ್ನು ಮೀರಿತ್ತು. ಗಣಿ ನಿಂತರೂ ಸೈನೈಡ್ ದಿಬ್ಬಗಳ ದೂಳು ಊರಿನ ಪಾಲಿಗೆ ಉಳಿಯಿತು.

ನ್ಯೂಯಾರ್ಕ್ ರಾಜ್ಯ ಈ ಉಳಿಕೆಯ ಲೆಕ್ಕವನ್ನೇ ಮುಂದಿಟ್ಟಿತು. 2014ರ ಡಿಸೆಂಬರಿನಲ್ಲಿ ಗವರ್ನರ್ ಆಂಡ್ರ್ಯೂ ಕ್ಯೂಮೊ ಸರಕಾರ, ಜನರ ಆರೋಗ್ಯದ ಕಾರಣ ಕೊಟ್ಟು, ಫ್ರಾಕಿಂಗ್ ನಿಷೇಧ ಪ್ರಕಟಿಸಿತು. ಗಡಿಯ ಈಚೆಗಿನ ರೈತನಿಗೆ ಪಾಲು ತಪ್ಪಿತು. ಆಚೆಗಿನವನಿಗೆ ಹಣವೂ ಬಂತು, ಬಾವಿಯ ನೀರಿನ ಚಿಂತೆಯೂ ಬಂತು. ಆ ಗ್ಯಾಸ್ ಸುರಿದದ್ದರಿಂದ ದರ ಇಳಿದು ಚಳಿಗಾಲದಲ್ಲಿ ಅನುಕೂಲವಾದದ್ದು, ಒಂದು ಬಾವಿಯನ್ನೂ ಕಾಣದ ನ್ಯೂಜೆರ್ಸಿಯ ನಮ್ಮಂಥ ಮನೆಗಳಿಗೆ.

ಪೆನ್ಸಿಲ್ವೇನಿಯದಲ್ಲಿ ವಾರಸುದಾರರಿಲ್ಲದ ಹಳೆಯ ತೈಲ, ಗ್ಯಾಸ್ ಬಾವಿಗಳು ಸಾವಿರಾರು ಇವೆ. ಅವನ್ನು ಮುಚ್ಚುವ ಖರ್ಚು ಇಂದು ಸರಕಾರದ ತಲೆಗೆ ಬಿದ್ದಿದೆ. ಶೇಲ್ ಬಾವಿಗಳಿಗೂ ಒಂದು ದಿನ ಮುಚ್ಚುವ ಸರದಿ ಬರುತ್ತದೆ. ಆ ಖರ್ಚಿನ ಹಣವನ್ನು ಕೊರೆಯುವ ದಿನವೇ ತೆಗೆದಿರಿಸದಿದ್ದರೆ, ಪುಸ್ತಕ ತೋರಿಸುವ ಲಾಭ ಪೂರ್ತಿ ಲಾಭವಲ್ಲ.